ಫಿಟ್ ಪರೀಕ್ಷೆಗೆ ಮಲದ ಸ್ಯಾಂಪಲ್ ಕೊಡುವುದು ಹೇಗೆ? ರಾಯಚೂರಿನ ಬಿಸಿಲಲ್ಲಂತೂ ಇದು ಗೊತ್ತಿರಲಿ

ನಮ್ಮ ದೊಡ್ಡಪ್ಪನಿಗೆ ಸಂಡಾಸಿಗೆ ಹೋದಾಗ ರಕ್ತ ಬೀಳುತ್ತಿತ್ತು. "ಉಷ್ಣ ಆಗ್ಯಾದ, ಖಾರ ಜಾಸ್ತಿ ತಿಂದೀನಿ" ಎಂದು ಮಜ್ಜಿಗೆ ಕುಡಿದರು. ಆಮೇಲೆ ಮೂಲವ್ಯಾಧಿ ಎಂದುಕೊಂಡು ಔಷಧಿ ತಂದರು. ಹೀಗೇ ಎರಡು ವರ್ಷ ಕಳೆಯಿತು. ಕೊನೆಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದಾಗ ಅವರಿಗೆ 47 ವಯಸ್ಸು. ಮಲದ ವಿಷಯ ಬಾಯಿಬಿಟ್ಟು ಹೇಳಲು ನಮಗೆ ನಾಚಿಕೆ. ಆ ನಾಚಿಕೆಗೆ ತೆರುವ ಬೆಲೆ ದೊಡ್ಡದು.

ಈ ಕ್ಯಾನ್ಸರ್ ರಾತ್ರೋರಾತ್ರಿ ಬರುವುದಿಲ್ಲ. ಮೊದಲು ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಹುಟ್ಟುತ್ತದೆ. ಎಲ್ಲ ಗಂಟೂ ಕೆಡುವುದಿಲ್ಲ. ಕೆಡುವಂಥದ್ದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷದಷ್ಟು ಸಮಯ ಹಿಡಿಯುತ್ತದೆ. ಅಷ್ಟರೊಳಗೆ ದೇಹ ಕೆಲವು ಸುಳಿವು ಕೊಡುತ್ತದೆ. ವೈದ್ಯರು ಇವನ್ನು ಬಯೋಮಾರ್ಕರ್ ಎನ್ನುತ್ತಾರೆ. ನಮಗೆ ಸುಲಭವಾಗಿ ಸಿಗುವ ಸುಳಿವು, ಮಲದಲ್ಲಿ ಸೇರಿದ, ಕಣ್ಣಿಗೆ ಕಾಣದಷ್ಟು ರಕ್ತ. ಅದನ್ನು ಹಿಡಿಯುವುದೇ ಫಿಟ್ ಪರೀಕ್ಷೆ.

ನಿಮಗೆ ಬೇಕಾ ಎಂದು ಮೊದಲು ನೋಡಿ

ಏನೂ ತೊಂದರೆ ಇಲ್ಲದ, 45 ದಾಟಿದವರಿಗೆ ಇದು ಒಳ್ಳೆಯ ಪರೀಕ್ಷೆ. ಸರ್ಕಾರದ ತಪಾಸಣೆಯಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ನೋಡುತ್ತಾರೆ. ದೊಡ್ಡ ಕರುಳಿನದು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಾವೇ ಕೇಳಿ ಮಾಡಿಸಿಕೊಳ್ಳಬೇಕು.

ರಕ್ತ ಕಣ್ಣಿಗೇ ಕಾಣುತ್ತಿದ್ದರೆ ಫಿಟ್ ಮಾಡಿಸುತ್ತಾ ಕೂರಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ವಾರಗಟ್ಟಲೆ ಬೇದಿ ಅಥವಾ ಮಲಬದ್ಧತೆ, ಸುಮ್ನೆ ತೂಕ ಇಳಿಯುವುದು, ಕಾರಣ ಗೊತ್ತಿಲ್ಲದ ರಕ್ತಹೀನತೆ ಇದ್ದರೂ ಅಷ್ಟೇ.

ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ ಲೆಕ್ಕ ಬೇರೆ. 40ಕ್ಕೆ, ಇಲ್ಲವೇ ಅವರಿಗೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಶುರು ಮಾಡಬೇಕು. ನಮ್ಮ ದೊಡ್ಡಪ್ಪನ ಮಕ್ಕಳಿಗೆ ಅದು 37. ಅವರಿಗೆ ಫಿಟ್ ಅಲ್ಲ, ಕೊಲೊನೋಸ್ಕೊಪಿಯೇ ಸರಿ. ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ.

ಲ್ಯಾಬಿನಲ್ಲಿ ಹೆಸರು ಹೇಳಿ ಕೇಳಿ

"ಮಲ ಪರೀಕ್ಷೆ" ಎಂದರೆ ಸಾಲದು. ಹಳೇ ವಿಧಾನದ ಆಕಲ್ಟ್ ಬ್ಲಡ್ (ಕಾಣದ ರಕ್ತ) ಪರೀಕ್ಷೆಗೆ ಮಟನ್, ಮೂಲಂಗಿ ತಿಂದರೂ ತಪ್ಪು ಉತ್ತರ ಬರಬಹುದು. ಫಿಟ್ ಮನುಷ್ಯರ ರಕ್ತದ ಹಿಮೋಗ್ಲೋಬಿನ್ ಎಂಬ ಪ್ರೋಟೀನನ್ನು ಮಾತ್ರ ಹಿಡಿಯುತ್ತದೆ. ಊಟದಲ್ಲಿ ಏನೂ ಬಿಡಬೇಕಿಲ್ಲ. "ಫಿಟ್ ಇದೆಯಾ, ಫಲಿತಾಂಶ ಅಂಕಿಯಲ್ಲಿ ಕೊಡುತ್ತೀರಾ" ಎಂದು ಕೇಳಿ. ಇದ್ದರೆ ಮುಚ್ಚಳಕ್ಕೆ ಕಡ್ಡಿ ಅಂಟಿರುವ ಸಣ್ಣ ಟ್ಯೂಬ್ ಕೊಡುತ್ತಾರೆ. ಒಳಗೆ ಒಂದಿಷ್ಟು ದ್ರವ ಇರುತ್ತದೆ, ಅದನ್ನು ಚೆಲ್ಲಬೇಡಿ.

ಸ್ಯಾಂಪಲ್ ತೆಗೆಯುವುದು

ಮುಟ್ಟಿನ ದಿನಗಳಲ್ಲಿ ಬೇಡ. ಮೂಲವ್ಯಾಧಿಯಿಂದ ರಕ್ತ ಬರುತ್ತಿದ್ದಾಗ, ಮೂತ್ರದಲ್ಲಿ ರಕ್ತ ಇದ್ದಾಗಲೂ ಬೇಡ.

ಮೊದಲು ಮೂತ್ರ ಮಾಡಿ ಮುಗಿಸಿ. ಮಲ ನೀರಿಗೆ ಬೀಳಬಾರದು, ಸಂಡಾಸಿಗೆ ಹಾಕಿದ ಫಿನಾಯಿಲ್, ಆಸಿಡ್ ಕೂಡ ತಾಗಬಾರದು. ನಮ್ಮ ಕಡೆ ಕೆಳಗೆ ಕೂರುವ ಸಂಡಾಸೇ ಹೆಚ್ಚು, ಅಲ್ವಾ? ಒಂದು ಒಣ ಪೇಪರ್ ಪ್ಲೇಟ್ ಇಟ್ಟುಕೊಂಡರೆ ಕೆಲಸ ಸುಲಭ. ಕಡ್ಡಿಯ ತುದಿಯಿಂದ ಮಲದ ಮೇಲ್ಭಾಗವನ್ನು ನಾಲ್ಕೈದು ಕಡೆ ಕೆರೆಯಿರಿ. ರಕ್ತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಅದಕ್ಕೇ ಹೀಗೆ. ಕಡ್ಡಿಯ ಗೆರೆಗಳು ತುಂಬಿದರೆ ಸಾಕು. ಹೆಚ್ಚು ಹಾಕಿದರೆ ಅಂಕಿ ತಪ್ಪುತ್ತದೆ. ಕಡ್ಡಿಯನ್ನು ಟ್ಯೂಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಚೆನ್ನಾಗಿ ಅಲುಗಾಡಿಸಿ. ಹೆಸರು, ತಾರೀಖು ಬರೆಯಿರಿ.

ಬಿಸಿಲೇ ದೊಡ್ಡ ಶತ್ರು

ಇದನ್ನು ಒತ್ತಿ ಹೇಳಬೇಕು. ಶಾಖಕ್ಕೆ ಹಿಮೋಗ್ಲೋಬಿನ್ ಒಡೆದುಹೋಗುತ್ತದೆ. ಆಗ ರಕ್ತ ಇದ್ದರೂ ಪರೀಕ್ಷೆ "ಇಲ್ಲ" ಎನ್ನುತ್ತದೆ. ಇಟಲಿಯಂಥ ದೇಶದಲ್ಲೇ ಬೇಸಿಗೆಯಲ್ಲಿ ಪಾಸಿಟಿವ್ ಬರುವುದು ಕಡಿಮೆಯಾದದ್ದನ್ನು ಸಂಶೋಧಕರು ಕಂಡಿದ್ದಾರೆ. ಇನ್ನು ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರಿನ ಮಾತೇನು! ಬೆಳಿಗ್ಗೆ ತೆಗೆದು ಬೆಳಿಗ್ಗೆಯೇ ಲ್ಯಾಬಿಗೆ ಕೊಡಿ. ಬೈಕಿನ ಡಿಕ್ಕಿಯಲ್ಲಿಟ್ಟು ಮಾರ್ಕೆಟ್ ಸುತ್ತಬೇಡಿ. ಮಾನ್ವಿ, ಲಿಂಗಸುಗೂರಿನಿಂದ ಬಸ್ಸಿಗೆ ತರುವವರು ಚೀಲದಲ್ಲಿ ಐಸ್ ಪ್ಯಾಕ್ ಇಟ್ಟುಕೊಳ್ಳಿ. ತಡವಾಗುವುದಾದರೆ ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ.

ರಿಪೋರ್ಟ್ ಬಂದ ಮೇಲೆ

ಒಂದು ಗ್ರಾಂ ಮಲದಲ್ಲಿ 20 ಮೈಕ್ರೋಗ್ರಾಂ ಹಿಮೋಗ್ಲೋಬಿನ್ ಎನ್ನುವುದು ಹಲವು ಕಡೆ ಬಳಕೆಯಲ್ಲಿರುವ ಗೆರೆ. ಅದನ್ನು ದಾಟಿದರೆ ಕ್ಯಾನ್ಸರ್ ಎಂದಲ್ಲ. ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ "ಇನ್ನೊಮ್ಮೆ ಮಾಡಿಸಿ ನೋಡೋಣ" ಎನ್ನಬೇಡಿ. ಎರಡನೇ ಸಲ ನೆಗೆಟಿವ್ ಬಂದರೂ ಮೊದಲನೆಯದು ಅಳಿಯುವುದಿಲ್ಲ. ಮುಂದಿನ ಹೆಜ್ಜೆ ಕೊಲೊನೋಸ್ಕೊಪಿ. ಗಂಟು ಸಿಕ್ಕರೆ ಸಾಮಾನ್ಯವಾಗಿ ಅಲ್ಲೇ ತೆಗೆಯುತ್ತಾರೆ.

ನೆಗೆಟಿವ್ ಬಂದರೆ ವರ್ಷಕ್ಕೊಮ್ಮೆ ಮಾಡಿಸುತ್ತಿರಿ. ಫಿಟ್ ಒಂದೇ ಸಲಕ್ಕೆ ಕ್ಯಾನ್ಸರುಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ಹಿಡಿಯುತ್ತದೆ, ಗಂಟುಗಳನ್ನು ಅದಕ್ಕಿಂತ ಕಡಿಮೆ.

ಹೆಲ್ತ್ ಪ್ಯಾಕೇಜುಗಳಲ್ಲಿ ಸಿಇಎ ಎಂಬ ಪ್ರೋಟೀನನ್ನು ಅಳೆಯುವ ರಕ್ತ ಪರೀಕ್ಷೆ ಸೇರಿಸುತ್ತಾರೆ. 1965ರಲ್ಲಿ ಪತ್ತೆಯಾದ ಈ ಪ್ರೋಟೀನು ಬೀಡಿ, ಸಿಗರೇಟು ಸೇದುವವರಲ್ಲೂ ಏರಿರುತ್ತದೆ, ಶುರುವಿನ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಏರುವುದೇ ಇಲ್ಲ. ಆಪರೇಷನ್ ಆದವರಲ್ಲಿ ರೋಗ ಮರಳಿತಾ ಎಂದು ನೋಡಲು ಅದು ಸರಿ, ನಮ್ಮಂಥವರ ತಪಾಸಣೆಗಲ್ಲ. ಮಲದ ಡಿಎನ್‌ಎ ನೋಡುವ ಕೊಲೊಗಾರ್ಡ್‌ಗೆ 2014ರಲ್ಲಿ, ರಕ್ತದ ಶೀಲ್ಡ್ ಪರೀಕ್ಷೆಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಶೀಲ್ಡ್ ಕ್ಯಾನ್ಸರನ್ನು 100ಕ್ಕೆ 83ರಷ್ಟು ಹಿಡಿದರೂ, ಮುಂದೆ ಕೆಡಬಹುದಾದ ದೊಡ್ಡ ಗಂಟುಗಳನ್ನು ಹಿಡಿಯುವುದು 13ರಷ್ಟು ಮಾತ್ರ. ಇವುಗಳಲ್ಲಿ ಯಾವುದು ಪಾಸಿಟಿವ್ ಬಂದರೂ ಕೊನೆಗೆ ಕೊಲೊನೋಸ್ಕೊಪಿಯೇ ಬೇಕು.

ಡಾಕ್ಟರ ಹತ್ತಿರ ಹೋಗುವಾಗ ರಿಪೋರ್ಟ್ ಜೊತೆ ಎರಡು ಚೀಟಿ ಇಟ್ಟುಕೊಳ್ಳಿ. ಒಂದರಲ್ಲಿ ನೀವು ನುಂಗುವ ಮಾತ್ರೆಗಳ ಹೆಸರು, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮರೆಯದೆ ಬರೆಯಿರಿ. ಇನ್ನೊಂದರಲ್ಲಿ ಮನೆಯಲ್ಲಿ ಯಾರಿಗೆ ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ ಬಂತು ಎನ್ನುವುದು. ಅದಕ್ಕೆ ಮೊದಲು ಅಜ್ಜಿಯ ಹತ್ತಿರ ಕೂತು ಕೇಳಿಕೊಳ್ಳಿ.