ಬೆಂಗಳೂರಿನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್: ಹುಡುಕುವುದು ಹೇಗೆ, ಪರೀಕ್ಷಿಸುವುದು ಹೇಗೆ?

ಪಾರ್ಶ್ವವಾಯು ಬಡಿದವರು ಫಿಸಿಯೋಥೆರಪಿಯಿಂದ ನಡೆಯಲು ಶುರು ಮಾಡಿರುತ್ತಾರೆ. ಆದರೂ ಅಂಗಿ ಗುಂಡಿ ಹಾಕಲು, ಅನ್ನ ಕಲಸಲು, ಶೌಚದ ನಂತರ ತೊಳೆದುಕೊಳ್ಳಲು ಇನ್ನೊಬ್ಬರು ಬೇಕು. ಆಕ್ಯುಪೇಷನಲ್ ಥೆರಪಿಸ್ಟ್ ಬೇಕಾಗುವುದು ಇಲ್ಲಿ. ಮಕ್ಕಳ ವಿಷಯದಲ್ಲಾದರೆ ಪೆನ್ಸಿಲ್ ಹಿಡಿತ, ತಾನಾಗಿ ಉಣ್ಣುವುದು, ಸದ್ದು ಸ್ಪರ್ಶ ಸಹಿಸದಿರುವುದು ಇಂಥವು.

ಮೊದಲು ಪಟ್ಟಿ

ಕಾಯಿಲೆಯ ಹೆಸರಿನಿಂದ ಹುಡುಕಾಟ ಶುರು ಮಾಡಬೇಡಿ. ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಯಾವ ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ಬರೆದಿಡಿ. ‘ಬಲಗೈ ವೀಕು’ ಎಂದರೆ ಯಾರಿಗೂ ಏನೂ ತಿಳಿಯದು. ‘ಲೋಟ ಹಿಡಿಯುತ್ತಾರೆ, ಬಾಯಿಗೆ ತರುವಷ್ಟರಲ್ಲಿ ಚೆಲ್ಲುತ್ತದೆ’ ಎಂದರೆ ಥೆರಪಿಸ್ಟ್‌ಗೆ ಅರ್ಧ ಕೆಲಸ ಮುಗಿದಂತೆ. ಜೊತೆಗೆ ಡಿಸ್ಚಾರ್ಜ್ ಸಮ್ಮರಿ, ಬಚ್ಚಲು ಮತ್ತು ಶೌಚಾಲಯದ ಫೋಟೊ, ಬಾಗಿಲಿನ ಅಗಲ, ಹೊಸ್ತಿಲಿನ ಎತ್ತರ, ಕಮೋಡ್ ಇದ್ದರೆ ಅದರ ಎತ್ತರ ಇಟ್ಟುಕೊಳ್ಳಿ.

ಎಲ್ಲಿ ಕೇಳಬೇಕು

ದೊಡ್ಡ ಆಸ್ಪತ್ರೆಗಳಲ್ಲಿ ಇವರು ಸಾಮಾನ್ಯವಾಗಿ ಪಿಎಂಆರ್ (ಫಿಸಿಕಲ್ ಮೆಡಿಸಿನ್ ಆ್ಯಂಡ್ ರಿಹ್ಯಾಬಿಲಿಟೇಷನ್) ಅಥವಾ ರಿಹ್ಯಾಬಿಲಿಟೇಷನ್ ವಿಭಾಗದಡಿ ಇರುತ್ತಾರೆ. ಕೌಂಟರಿನಲ್ಲಿ ಬರೀ ‘ಓಟಿ’ ಎಂದು ಕೇಳಿದರೆ ಆಪರೇಷನ್ ಥಿಯೇಟರಿನ ದಾರಿ ತೋರಿಸುತ್ತಾರೆ, ಹುಷಾರು. ನರಸಂಬಂಧಿ ತೊಂದರೆಗೆ ನಿಮ್ಹಾನ್ಸ್‌ನ ನ್ಯೂರೋಲಾಜಿಕಲ್ ರಿಹ್ಯಾಬಿಲಿಟೇಷನ್ ವಿಭಾಗವಿದೆ. ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಪಿಎಂಆರ್ ವಿಭಾಗವಿದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಮಕ್ಕಳಿಗೆ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಅಂಗವೈಕಲ್ಯವಿರುವವರಿಗೆ ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆಯಲ್ಲಿ ವಿಚಾರಿಸಬಹುದು. ಜಿಲ್ಲಾ ಆಸ್ಪತ್ರೆಗಳ ಡಿಇಐಸಿ (ಮಕ್ಕಳ ತೊಂದರೆ ಬೇಗ ಗುರುತಿಸಿ ಚಿಕಿತ್ಸೆ ಕೊಡುವ) ಕೇಂದ್ರಗಳು 18 ವರ್ಷದವರೆಗಿನ ಮಕ್ಕಳಿಗೆ ಉಚಿತ. ಆದರೆ ಥೆರಪಿಸ್ಟ್ ಹುದ್ದೆ ಭರ್ತಿಯಾಗಿದೆಯೇ ಎಂದು ಫೋನಿನಲ್ಲಿ ಕೇಳಿಕೊಂಡೇ ಹೋಗಿ.

ಅರ್ಹತೆ ನೋಡುವುದು

ಬಿಓಟಿ ಅಥವಾ ಎಂಓಟಿ, ಅಂದರೆ ಆಕ್ಯುಪೇಷನಲ್ ಥೆರಪಿಯಲ್ಲಿ ಪದವಿ ಅಥವಾ ಸ್ನಾತಕೋತ್ತರ ಪದವಿ ಇರಬೇಕು. ಸದ್ದು, ಸ್ಪರ್ಶದಂಥ ಇಂದ್ರಿಯ ಸಂವೇದನೆಗಳ ‘ಸೆನ್ಸರಿ ಥೆರಪಿ ಸರ್ಟಿಫಿಕೇಟ್’ ಪದವಿಯ ಮೇಲಿದ್ದರೆ ಸರಿ, ಪದವಿಯ ಬದಲಿಗಲ್ಲ. ಅನೇಕರು ಇವರಲ್ಲೂ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ನಂಬರ್ ಕೇಳುತ್ತಾರೆ. ಅದು ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಸಂಬಂಧಿಸಿದ್ದು. ಆಕ್ಯುಪೇಷನಲ್ ಥೆರಪಿ ಆ ನೋಂದಣಿಯಲ್ಲಿಲ್ಲ. ಈ ವೃತ್ತಿ ಬರುವುದು 2021ರ ರಾಷ್ಟ್ರೀಯ ಅಲೈಡ್ ಆ್ಯಂಡ್ ಹೆಲ್ತ್‌ಕೇರ್ ಕಾಯ್ದೆಯಡಿ. ಪದವಿ ಪ್ರಮಾಣಪತ್ರ, ಕಾಲೇಜಿನ ಹೆಸರು, ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ಸಂಘದ (ಎಐಓಟಿಎ) ಸದಸ್ಯತ್ವ ಇವೆಯೇ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರನ್ನು ಅಲ್ಲಿಗೇ ಬಿಡಿ. ಮನೆಗೆ ಕಳಿಸುವ ಏಜೆನ್ಸಿಯಾದರೆ ಬರುವವರು ಯಾರೆಂಬ ಹೆಸರು, ಪದವಿ ಮೊದಲೇ ಪಡೆಯಿರಿ. ಆಕ್ಯುಪೇಷನಲ್ ಥೆರಪಿಸ್ಟ್ ಎಂದು ಫಿಸಿಯೋಥೆರಪಿಸ್ಟರನ್ನು ಕಳಿಸುವುದುಂಟು.

ಮೊದಲ ಭೇಟಿ

ನಿಜವಾದ ಪರೀಕ್ಷೆ ಇದೇ. ಒಳ್ಳೆಯ ಥೆರಪಿಸ್ಟ್ ಕೈಯ ಬಲ, ಕೀಲುಗಳ ಬಾಗುವಿಕೆ ನೋಡಿ ನಿಲ್ಲುವುದಿಲ್ಲ. ಕೆಲಸ ಮಾಡಿಸಿ ನೋಡುತ್ತಾರೆ. ಉದಾಹರಣೆಗೆ ಅಂಗಿ. ತೊಂದರೆಯಿರುವ ಕೈಯನ್ನು ಮೊದಲು ತೋಳಿನೊಳಗೆ ಹಾಕಿ, ಹೆಗಲವರೆಗೆ ಎಳೆದುಕೊಂಡು, ಆಮೇಲೆ ಒಳ್ಳೆಯ ಕೈ. ಬಿಚ್ಚುವಾಗ ಒಳ್ಳೆಯ ಕೈ ಮೊದಲು. ಮನೆಯವರು ಅವಸರದಲ್ಲಿ ಇದನ್ನು ತಿರುವುಮುರುವು ಮಾಡಿ, ಬಿಗಿದುಕೊಂಡ ಕೈಯನ್ನು ಎಳೆಯುತ್ತಾರೆ, ಭುಜ ನೋವು ಹಿಡಿಯುತ್ತದೆ. ಇಂಥದ್ದನ್ನು ನಿಮ್ಮ ಕೈಯಲ್ಲೇ ಮಾಡಿಸಿ ತಿದ್ದುತ್ತಾರೆಯೇ, ನೋಡಿ. ಹಿಡಿ ದಪ್ಪಗಿರುವ ಚಮಚ, ಬಚ್ಚಲಿನಲ್ಲಿ ಹಿಡಿಕಂಬಿ ಎಷ್ಟು ಎತ್ತರಕ್ಕೆ ಬೇಕು ಎಂಬ ಮಾತೂ ಇಲ್ಲೇ ಬರಬೇಕು. ಕಂಬಿಯ ಎತ್ತರ ರೋಗಿಯನ್ನು ಕೂರಿಸಿ, ಎಬ್ಬಿಸಿ ನಿರ್ಧರಿಸುವುದು. ಪ್ಲಂಬರ್ ಅಂದಾಜಿಗೆ ಬಿಟ್ಟರೆ ಅದು ಟವೆಲ್ ಹಾಕಲು ಮಾತ್ರ ಉಪಯೋಗ.

ಮಕ್ಕಳ ಕೇಂದ್ರದಲ್ಲಾದರೆ ಉಯ್ಯಾಲೆ, ಚೆಂಡಿನ ಕೊಳ ಕಂಡು ಮರುಳಾಗಬೇಡಿ. ಈ ಉಯ್ಯಾಲೆಯಿಂದ ನಮ್ಮ ಮಗುವಿನ ಯಾವ ಕೆಲಸ ಸುಧಾರಿಸಬೇಕು ಎಂದು ಕೇಳಿ. ಉತ್ತರ ‘ಸೆನ್ಸರಿ’ಯಲ್ಲೇ ಮುಗಿದರೆ ಬೇರೆಡೆ ನೋಡಿ.

ಗುರಿ ಬರಹದಲ್ಲಿರಲಿ

‘ಕೈ ಸುಧಾರಣೆ’ ಗುರಿಯಲ್ಲ. ‘6 ವಾರದಲ್ಲಿ ಬಲಗೈಯಿಂದ ಅರ್ಧ ಲೋಟ ನೀರು ಚೆಲ್ಲದೆ ಕುಡಿಯುವುದು’ ಗುರಿ. ಪಾರ್ಶ್ವವಾಯು ಆದವರಿಗೆ ಬಾರ್ಥೆಲ್ ಇಂಡೆಕ್ಸ್ ಅಂಕ ಕೇಳಿ: ಊಟ, ಸ್ನಾನ, ಬಟ್ಟೆ, ಶೌಚ, ಮೆಟ್ಟಿಲು ಮುಂತಾದ 10 ವಿಷಯ, ಒಟ್ಟು 100. ಆರಂಭದಲ್ಲೊಮ್ಮೆ, ತಿಂಗಳ ಮೇಲೊಮ್ಮೆ ಬರೆದಿಟ್ಟರೆ ವಾದಕ್ಕೆ ಜಾಗವಿರದು. ಮನೆಯಲ್ಲಿ ಮಾಡಿಸಬೇಕಾದದ್ದನ್ನೂ ಬರೆದುಕೊಡಬೇಕು. ವಾರಕ್ಕೆ ಎರಡು ಮೂರು ಸೆಷನ್‌ಗಳಷ್ಟರಿಂದಲೇ ಕೈ ಕಲಿಯುವುದಿಲ್ಲ.

ಹಣದ ಮಾತು

ಮೂರು ತಿಂಗಳ ಪ್ಯಾಕೇಜ್‌ಗೆ ಮುಂಗಡ ಕೊಡುವ ಮೊದಲು ಥೆರಪಿಸ್ಟ್ ಬದಲಾದರೆ, ಸೆಷನ್ ತಪ್ಪಿದರೆ ಹಣ ಏನಾಗುತ್ತದೆ ಎಂದು ಬರೆಸಿಕೊಳ್ಳಿ. ಅನೇಕ ಆರೋಗ್ಯ ವಿಮೆಗಳು ಹೊರರೋಗಿ ಥೆರಪಿಗೆ ಹಣ ಕೊಡುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದ್ದು, ಥೆರಪಿಗೂ ಅದರೊಳಗೆ ಒಂದು ಮಿತಿಯ ಹಣ ಸಿಗುತ್ತದೆ. ರಸೀದಿಯಲ್ಲಿ ಪ್ರತಿ ಸೆಷನ್‌ನ ದಿನಾಂಕ, ಥೆರಪಿಸ್ಟ್ ಹೆಸರು, ಸಹಿ, ಮೊಹರು ಇರಲಿ. ‘ಜೂನ್ ತಿಂಗಳ ಥೆರಪಿ’ ಎಂಬ ಒಂದೇ ಸಾಲಿನ ಬಿಲ್ ವಾಪಸ್ ಬರುವ ಸಾಧ್ಯತೆಯೇ ಹೆಚ್ಚು.