ಉದ್ಯಮಬಾಗದ ಕಾರ್ಖಾನೆಯಲ್ಲಿ ಸರ್ಟಿಫಿಕೇಟ್ ವೈಫೈ: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದ ಶೆಡ್ಡುಗಳಲ್ಲಿ ಆಫೀಸಿನ ವೈಫೈ ಪಾಸ್‌ವರ್ಡ್ ಗೇಟಿನ ವಾಚ್‌ಮನ್‌ಗೂ ಗೊತ್ತಿರುತ್ತದೆ. "ಪಾಸ್‌ವರ್ಡ್ ಏನೈತ್ರಿ ಸರ?" ಎಂದು ಕೇಳಿದವರಿಗೆಲ್ಲ ಸಿಗುತ್ತದೆ, ಕೆಲಸ ಬಿಟ್ಟವರ ಫೋನಿನಲ್ಲೂ ಉಳಿದಿರುತ್ತದೆ. ಬದಲಿಸಬೇಕೆಂದರೆ ಸಿಎನ್‌ಸಿ ಮಷಿನ್‌ಗಳಿಗೆ ಪ್ರೋಗ್ರಾಂ ಕಳಿಸುವ ವೈರ್‌ಲೆಸ್ ಕನ್ವರ್ಟರ್, ಲೇಬಲ್ ಪ್ರಿಂಟರ್, ಹಾಜರಾತಿ ಯಂತ್ರ ಎಲ್ಲದರಲ್ಲೂ ಬದಲಿಸಬೇಕು, ಆದ್ದರಿಂದ ಯಾರೂ ಕೈ ಹಾಕುವುದಿಲ್ಲ. ಇಂಥದೇ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ 802.1ಎಕ್ಸ್ (ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡುವ ಬದಲು ಪ್ರತಿ ಸಾಧನದ ಗುರುತು ಪರಿಶೀಲಿಸಿ ಒಳಬಿಡುವ ಪದ್ಧತಿ) ತಂದ ಕ್ರಮ ಇಲ್ಲಿದೆ. ಆ ಪರಿಶೀಲನೆ ಮಾಡುವ ರೇಡಿಯಸ್ ಸರ್ವರ್ ಕೂರಿಸುವುದು ಇದರಲ್ಲಿ ಚಿಕ್ಕ ಭಾಗ. ಯಾವ ಸಾಧನಕ್ಕೆ ಸರ್ಟಿಫಿಕೇಟ್ (ಡಿಜಿಟಲ್ ಗುರುತುಪತ್ರ) ಕೊಡಬಹುದು, ಯಾವುದಕ್ಕೆ ಆಗದು ಎಂದು ವಿಂಗಡಿಸುವುದು ಮತ್ತು ಕೊಟ್ಟಿದ್ದನ್ನು ಬೇಕಾದಾಗ ರದ್ದು ಮಾಡುವುದೇ ದೊಡ್ಡ ಕೆಲಸ.

ವಿಂಗಡಣೆಗೆ ಡಿಎಚ್‌ಸಿಪಿ ಲೀಸ್ ಪಟ್ಟಿ (ತಾನಾಗಿ ಐಪಿ ವಿಳಾಸ ಪಡೆದ ಸಾಧನಗಳ ಪಟ್ಟಿ) ಒಂದೇ ಸಾಲದು. ಸ್ಥಿರ ಐಪಿ ಹಾಕಿದ ಯಂತ್ರಗಳು ಅದರಲ್ಲಿ ಕಾಣುವುದಿಲ್ಲ. ವೈಫೈ ಸಿಗ್ನಲ್ ಕೊಡುವ ಆಕ್ಸೆಸ್ ಪಾಯಿಂಟ್‌ನ ಕ್ಲೈಂಟ್ ಪಟ್ಟಿ ತೆಗೆದು, ಮ್ಯಾಕ್ ವಿಳಾಸದ (ಸಾಧನದ ನೆಟ್‌ವರ್ಕ್ ಗುರುತು ಸಂಖ್ಯೆ) ಮೊದಲ 6 ಅಕ್ಷರದಿಂದ ತಯಾರಕರನ್ನು ಗುರುತಿಸಿ, ಕಡೆಗೆ ಶಾಪ್ ಫ್ಲೋರ್ ಸುತ್ತಿ ಹೊಂದಿಸಿಕೊಳ್ಳಬೇಕು. ಮ್ಯಾಕ್‌ನ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಬಹುತೇಕ ಫೋನು ತಾನೇ ಸೃಷ್ಟಿಸಿಕೊಂಡ ಹುಸಿ ವಿಳಾಸ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಇದು ಸಹಜ ನಡವಳಿಕೆ. ಆದ್ದರಿಂದ "ನಮ್ಮವರ ಫೋನುಗಳ ಮ್ಯಾಕ್ ಪಟ್ಟಿ ಇಟ್ಟುಕೊಂಡರೆ ಸಾಕು" ಎನ್ನುವ ಯೋಜನೆಯನ್ನು ಅಲ್ಲಿಗೇ ಬಿಡಬೇಕು. ಮೇಲಾಗಿ, ಎನ್‌ಕ್ರಿಪ್ಟ್ ಆದ ಟ್ರಾಫಿಕ್‌ನಲ್ಲೂ ಮ್ಯಾಕ್ ವಿಳಾಸ ಬಯಲಾಗಿಯೇ ಹೋಗುತ್ತದೆ, ಯಾರು ಬೇಕಾದರೂ ನಕಲು ಮಾಡಬಹುದು.

ಲ್ಯಾಪ್‌ಟಾಪ್‌ಗಳಿಗೆ ಇಎಪಿ-ಟಿಎಲ್‌ಎಸ್ (ಪಾಸ್‌ವರ್ಡ್ ಬದಲು ಎರಡೂ ಕಡೆ ಸರ್ಟಿಫಿಕೇಟ್ ತೋರಿಸುವ ವಿಧಾನ) ಆರಿಸಿದೆ. ಡೊಮೈನ್ ಪಾಸ್‌ವರ್ಡ್ ಬಳಸುವ ಪೀಪ್ ವಿಧಾನ ಸುಲಭ, ಆದರೆ ಅದೇ ಹೆಸರಿನ ನಕಲಿ ಆಕ್ಸೆಸ್ ಪಾಯಿಂಟ್ ಎದುರಾದಾಗ ಸರ್ವರ್ ಪರಿಶೀಲಿಸದ ಸಾಧನ ಪಾಸ್‌ವರ್ಡಿನ ಒಡೆಯಬಹುದಾದ ರೂಪವನ್ನು ಅದರ ಕೈಗೆ ಕೊಟ್ಟುಬಿಡುತ್ತದೆ. ವಿಂಡೋಸ್ 11ರ 22ಎಚ್2 ಎಂಟರ್‌ಪ್ರೈಸ್ ಆವೃತ್ತಿಯಿಂದ ಕ್ರೆಡೆನ್ಶಿಯಲ್ ಗಾರ್ಡ್ (ಲಾಗಿನ್ ಗುಟ್ಟುಗಳನ್ನು ಬೇರ್ಪಡಿಸಿಡುವ ರಕ್ಷಣೆ) ತಾನಾಗಿ ಚಾಲೂ ಇರುವುದರಿಂದ ಪೀಪ್‌ನ ಸಿಂಗಲ್ ಸೈನ್-ಆನ್ (ವಿಂಡೋಸ್ ಲಾಗಿನ್‌ನಿಂದಲೇ ವೈಫೈಗೂ ಪ್ರವೇಶ) ಕೂಡ ಕೆಲಸ ಮಾಡುವುದಿಲ್ಲ.

ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ವ್ಯವಸ್ಥೆಯೇ ಸಿಎ. ಎಲ್ಲಕ್ಕೂ ಮೂಲವಾದ ರೂಟ್ ಸಿಎಗೆ 10 ವರ್ಷದ ಅವಧಿ, ಅದನ್ನು ನೆಟ್‌ವರ್ಕಿನಿಂದ ಹೊರಗೇ ಇಡಿ. ವಿತರಿಸುವ ಸಿಎಗೆ 5 ವರ್ಷ, ಲ್ಯಾಪ್‌ಟಾಪ್ ಸರ್ಟಿಫಿಕೇಟ್‌ಗೆ 1 ವರ್ಷ, ಮುಗಿಯಲು 6 ವಾರವಿದ್ದಾಗ ಗ್ರೂಪ್ ಪಾಲಿಸಿಯಿಂದ (ಎಲ್ಲ ಕಂಪ್ಯೂಟರ್‌ಗಳಿಗೂ ಒಟ್ಟಿಗೆ ಹೋಗುವ ವಿಂಡೋಸ್ ಸೆಟ್ಟಿಂಗ್) ತಾನೇ ನವೀಕರಣ. ಸರ್ಟಿಫಿಕೇಟ್‌ಗೆ ಜೋಡಿಯಾದ ಖಾಸಗಿ (ಗುಟ್ಟಿನ) ಕೀ ಹೊರತೆಗೆಯಲಾಗದಂತೆ ಟೆಂಪ್ಲೇಟ್‌ನಲ್ಲೇ ಕಟ್ಟಬೇಕು. ಬಳಕೆದಾರರ ಬದಲು ಕಂಪ್ಯೂಟರ್‌ಗೆ ಸರ್ಟಿಫಿಕೇಟ್ ಕೊಟ್ಟರೆ ಲಾಗಿನ್‌ಗೆ ಮೊದಲೇ ವೈಫೈ ಸಿಗುತ್ತದೆ, ಹೊಸಬರು ಮೊದಲ ಸಲ ಲಾಗಿನ್ ಆಗುವಾಗ ಕೇಬಲ್ ಹುಡುಕಬೇಕಿಲ್ಲ. ಸರ್ವರ್ ಸರ್ಟಿಫಿಕೇಟ್‌ನಲ್ಲಿ ಹೆಸರು ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್ ಜಾಗದಲ್ಲಿ ಇರಲೇಬೇಕು. ಅವಧಿ 825 ದಿನ ದಾಟಿದರೆ ಆಪಲ್ ಸಾಧನಗಳು ಒಪ್ಪುವುದಿಲ್ಲ. ಪಾಲಿಸಿಯಲ್ಲಿ ಸರ್ವರ್ ಹೆಸರು ಬರೆದು, ನಮ್ಮ ರೂಟ್ ಒಂದಕ್ಕೇ ಟಿಕ್ ಹಾಕಿ, "ಹೊಸ ಸರ್ವರ್ ಒಪ್ಪಲೇ?" ಎಂದು ಬಳಕೆದಾರರನ್ನು ಕೇಳುವುದನ್ನೂ ನಿಲ್ಲಿಸಬೇಕು. ಕೇಳಿದರೆ ಎಲ್ಲರೂ ಹೌದು ಎಂದೇ ಒತ್ತುತ್ತಾರೆ.

ರೇಡಿಯಸ್ ಸರ್ವರ್ ಡೆಬಿಯನ್ ಲಿನಕ್ಸ್ ಮೇಲಿನ ಫ್ರೀರೇಡಿಯಸ್ 3, ಎರಡು ಬೇರೆ ಹೋಸ್ಟ್‌ಗಳಲ್ಲಿ ಎರಡು ಪ್ರತಿ. ಇಎಪಿ ಫೈಲ್‌ನಲ್ಲಿ ಟಿಎಲ್‌ಎಸ್ ಬಿಟ್ಟು ಉಳಿದ ವಿಧಾನಗಳನ್ನೆಲ್ಲ ತೆಗೆದು, ಕನಿಷ್ಠ ಟಿಎಲ್‌ಎಸ್ ಆವೃತ್ತಿ 1.2 ಇಟ್ಟೆ. ಸಿಎ ಫೈಲ್ ಜಾಗದಲ್ಲಿ ನಮ್ಮ ಸಿಎ ಮಾತ್ರ ಇರಬೇಕು. ಆಪರೇಟಿಂಗ್ ಸಿಸ್ಟಂನ ಸಾರ್ವಜನಿಕ ಸಿಎ ಕಟ್ಟನ್ನು ಅಲ್ಲಿ ತೋರಿಸಿದರೆ ಆ ಸಿಎಗಳು ಹೊರಗಿನವರಿಗೆ ಕೊಟ್ಟ ಕ್ಲೈಂಟ್ ಸರ್ಟಿಫಿಕೇಟ್‌ಗಳಿಗೂ ಬಾಗಿಲು ತೆರೆಯುತ್ತದೆ. ಇನ್ನೊಂದು ಸೂಕ್ಷ್ಮ: ಸಾಧನ ಕಳಿಸುವ ಯೂಸರ್-ನೇಮ್ ಅದು ತನ್ನಷ್ಟಕ್ಕೆ ಹೇಳಿಕೊಂಡ ಹೆಸರು ಅಷ್ಟೆ, ಅದನ್ನು ಯಾರೂ ಪರಿಶೀಲಿಸಿರುವುದಿಲ್ಲ. ಯಾರನ್ನು ಯಾವ ವಿಎಲ್‌ಎಎನ್‌ಗೆ (ನೆಟ್‌ವರ್ಕಿನ ಬೇರ್ಪಡಿಸಿದ ಭಾಗ) ಹಾಕಬೇಕೆಂಬ ತೀರ್ಮಾನ ಸರ್ಟಿಫಿಕೇಟ್‌ನೊಳಗಿನ ಹೆಸರಿನ ಮೇಲೆ ಆಗಬೇಕು. ಫ್ರೀರೇಡಿಯಸ್‌ನಲ್ಲಿ ಇದಕ್ಕೆಂದೇ ಚೆಕ್-ಇಎಪಿ-ಟಿಎಲ್‌ಎಸ್ ಎಂಬ ವರ್ಚುವಲ್ ಸರ್ವರ್ ಮಾದರಿ ಇದೆ, ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಪ್ರತಿ ಕ್ಲೈಂಟ್ (ಇಲ್ಲಿ ಆಕ್ಸೆಸ್ ಪಾಯಿಂಟ್ ಅಥವಾ ಸ್ವಿಚ್) ನಮೂದಿನಲ್ಲಿ ಮೆಸೇಜ್-ಅಥೆಂಟಿಕೇಟರ್ (ಸಂದೇಶವನ್ನು ಯಾರೂ ತಿದ್ದಿಲ್ಲವೆಂದು ತೋರಿಸುವ ಮುದ್ರೆ) ಕಡ್ಡಾಯ ಮಾಡಿ. 2024ರ ಜುಲೈನಲ್ಲಿ ಹೊರಬಂದ, ರೇಡಿಯಸ್ ಉತ್ತರವನ್ನು ದಾರಿಯಲ್ಲೇ ತಿದ್ದಲು ಬಿಡುವ ಬ್ಲಾಸ್ಟ್‌ರೇಡಿಯಸ್ ದೋಷ ಇಎಪಿಯನ್ನು ಮುಟ್ಟದಿದ್ದರೂ ಮ್ಯಾಕ್ ದೃಢೀಕರಣ ಮತ್ತು ಸ್ವಿಚ್ ಅಡ್ಮಿನ್ ಲಾಗಿನ್‌ಗಳನ್ನು ಮುಟ್ಟುತ್ತದೆ.

ವಿಎಲ್‌ಎಎನ್ ಹಂಚಲು ರೇಡಿಯಸ್ ಕೊಡುವ ಉತ್ತರದಲ್ಲಿ ಮೂರು ಗುಣಗಳು ಒಟ್ಟಿಗೆ ಹೋಗಬೇಕು: ಟನಲ್-ಟೈಪ್ 13, ಟನಲ್-ಮೀಡಿಯಂ-ಟೈಪ್ 6, ಟನಲ್-ಪ್ರೈವೇಟ್-ಗ್ರೂಪ್-ಐಡಿಯಲ್ಲಿ ವಿಎಲ್‌ಎಎನ್ ಸಂಖ್ಯೆ. ಲ್ಯಾಪ್‌ಟಾಪ್ 20, ಸ್ವಂತ ಫೋನು 30, ಯಂತ್ರಗಳು 40, ಅತಿಥಿಗಳು 50. ದೃಢೀಕರಣ ಸರಿಯಾಗಿ ಆಗಿಯೂ ಲ್ಯಾಪ್‌ಟಾಪ್ 169.254ರ ವಿಳಾಸ (ಐಪಿ ಸಿಗದಾಗ ತಾನೇ ಹಾಕಿಕೊಳ್ಳುವುದು) ತೋರಿಸಿದರೆ ರೇಡಿಯಸ್ ಲಾಗ್ ಕೆದಕುತ್ತ ಕೂರಬೇಡಿ. ಆಕ್ಸೆಸ್ ಪಾಯಿಂಟ್ ಇರುವ ಸ್ವಿಚ್ ಪೋರ್ಟಿನ ಟ್ರಂಕ್‌ನಲ್ಲಿ (ಹಲವು ವಿಎಲ್‌ಎಎನ್ ಒಟ್ಟಿಗೆ ಸಾಗುವ ಸಂಪರ್ಕ) ಆ ವಿಎಲ್‌ಎಎನ್ ಇಲ್ಲ, ಇಲ್ಲವೇ ವಿಳಾಸದ ಕೋರಿಕೆಯನ್ನು ಸರ್ವರ್‌ಗೆ ದಾಟಿಸುವ ಡಿಎಚ್‌ಸಿಪಿ ರಿಲೇ ಬಿಟ್ಟುಹೋಗಿದೆ.

ಸರ್ಟಿಫಿಕೇಟ್ ಕೊಡಲಾಗದ ಯಂತ್ರಗಳಿಗೆ ಒಂದೇ ಎಸ್‌ಎಸ್‌ಐಡಿಯಲ್ಲಿ (ವೈಫೈ ಹೆಸರು) ಪ್ರತಿ ಸಾಧನಕ್ಕೂ ಬೇರೆ ಬೇರೆ 20 ಅಕ್ಷರದ ಕೀ (ಪಾಸ್‌ವರ್ಡ್) ಕೊಟ್ಟು, ಆ ಕೀಯನ್ನು ಅದರ ಮ್ಯಾಕ್‌ಗೆ ಕಟ್ಟಿದೆ. ಒಂದು ಕನ್ವರ್ಟರ್ ಕಳುವಾದರೆ ಅದರ ಕೀ ಮಾತ್ರ ಅಳಿಸಿದರಾಯಿತು. ಈ ಪದ್ಧತಿ ವೈಫೈ ಸುರಕ್ಷತೆಯ ಹೊಸ ಮಾನದಂಡ ಡಬ್ಲ್ಯುಪಿಎ3ರ ಪಾಸ್‌ವರ್ಡ್ ವಿಧಾನದೊಂದಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ, ಆದ್ದರಿಂದ ಹಿಂದಿನ ಡಬ್ಲ್ಯುಪಿಎ2ರಲ್ಲೇ ಉಳಿಯಬೇಕಾಯಿತು. ಅದಕ್ಕೆ ತಕ್ಕಂತೆ ಫೈರ್‌ವಾಲ್ ಬಿಗಿ ಮಾಡಬೇಕು: ಕನ್ವರ್ಟರ್‌ಗೆ ಪ್ರೋಗ್ರಾಂ ಸರ್ವರಿನ ಒಂದೇ ಪೋರ್ಟು, ಪ್ರಿಂಟರ್‌ಗೆ 9100, ಹಾಜರಾತಿ ಯಂತ್ರಕ್ಕೆ ಅದರ ಸರ್ವರ್, ಯಾವುದಕ್ಕೂ ಇಂಟರ್‌ನೆಟ್ ಇಲ್ಲ. ಸಿಬ್ಬಂದಿಯ ಸ್ವಂತ ಫೋನಿಗೂ ತಲೆಗೊಂದು ಕೀ, ಇಂಟರ್‌ನೆಟ್ ಮಾತ್ರ. ಅತಿಥಿಗಳಿಗೆ ಎಸ್‌ಎಂಎಸ್ ಒಟಿಪಿ ಬೇಡವೆಂದೆ, ಏಕೆಂದರೆ ಹೆಡರ್ (ಕಳಿಸುವವರ ಹೆಸರು), ಟೆಂಪ್ಲೇಟ್‌ಗಳನ್ನು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಾಯಿಸದೆ ಸಂದೇಶವೇ ಹೋಗುವುದಿಲ್ಲ. ರಿಸೆಪ್ಶನ್‌ನಲ್ಲಿ ಮುದ್ರಿಸಿ ಕೊಡುವ 8 ಗಂಟೆಯ ವೋಚರ್ ಸಾಕು, ಪೋರ್ಟಲ್ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಇರಲಿ.

ಗೋದಾಮಿನ ಆಂಡ್ರಾಯ್ಡ್ ಸ್ಕ್ಯಾನರ್‌ಗಳ ಕಾಟ ಬೇರೆಯೇ. ಬ್ಯಾಟರಿ ಪೂರ್ತಿ ಇಳಿದರೆ ಕೆಲವು ಮಾದರಿಗಳ ಗಡಿಯಾರ ಹಳೆಯ ವರ್ಷಕ್ಕೆ ಹೋಗುತ್ತದೆ. ಆಗ ಸರ್ವರ್ ಸರ್ಟಿಫಿಕೇಟ್ "ಇನ್ನೂ ಜಾರಿಗೆ ಬಂದಿಲ್ಲ" ಎಂದು ಸ್ಕ್ಯಾನರ್ ನಿರಾಕರಿಸುತ್ತದೆ, ವೈಫೈ ಇಲ್ಲದೆ ಸಮಯ ಸರಿಯಾಗದು, ಸಮಯ ಸರಿಯಾಗದೆ ವೈಫೈ ಸಿಗದು. ಸಮಯ ಹೊಂದಿಸುವ ಯುಡಿಪಿ 123 ಪೋರ್ಟು ಮಾತ್ರ ಬಿಡುವ, ಕೀ ಆಧಾರಿತ ಚಿಕ್ಕ ಎಸ್‌ಎಸ್‌ಐಡಿಯೊಂದು ಆ ಸ್ಕ್ಯಾನರ್‌ಗಳಿಗೆ ಬದಲಿ ದಾರಿ. ಹಳೆಯ ಫರ್ಮ್‌ವೇರ್ 802.11ಆರ್ (ಆಕ್ಸೆಸ್ ಪಾಯಿಂಟ್ ಬದಲಾಗುವಾಗ ಬೇಗ ಜಿಗಿಯುವ ಸೌಲಭ್ಯ) ಮತ್ತು ಕಡ್ಡಾಯ ಪಿಎಂಎಫ್ (ವೈಫೈನ ನಿಯಂತ್ರಣ ಸಂದೇಶಗಳ ರಕ್ಷಣೆ) ಎರಡಕ್ಕೂ ಮುಗ್ಗರಿಸುತ್ತದೆ. ಮೊದಲು ಎರಡನ್ನೂ ಐಚ್ಛಿಕವಾಗಿಟ್ಟು, ಫರ್ಮ್‌ವೇರ್ ಏರಿಸಿದ ಮೇಲೆ ಪಿಎಂಎಫ್ ಕಡ್ಡಾಯ ಮಾಡಿ.

ಬಾಗಲಕೋಟೆ ನವನಗರದ ಡಿಪೋ ವಿಪಿಎನ್ ಮೂಲಕ ಬೆಳಗಾವಿಯ ರೇಡಿಯಸ್ ಬಳಸುತ್ತದೆ. ಸರ್ಟಿಫಿಕೇಟ್ ಸರಪಳಿ ದೊಡ್ಡದಿರುವುದರಿಂದ ಪ್ಯಾಕೆಟ್ ಒಡೆಯುತ್ತದೆ, ದಾರಿಯ ಫೈರ್‌ವಾಲ್ ಆ ತುಂಡುಗಳನ್ನು ಬಿಸಾಡುತ್ತದೆ. ಲಕ್ಷಣ ಹೀಗೆ: ಲಾಗ್‌ನಲ್ಲಿ ಆಕ್ಸೆಸ್-ಚಾಲೆಂಜ್ (ಸರ್ವರಿನ ಮರುಪ್ರಶ್ನೆ) ಹೋಗುತ್ತದೆ, ಆಮೇಲೆ ಉತ್ತರವೇ ಇಲ್ಲ. ನಿರಾಕರಣೆಯೂ ಬರುವುದಿಲ್ಲ. ಫ್ರ್ಯಾಗ್‌ಮೆಂಟ್ ಸೈಜ್ 1024 ಇಟ್ಟರೆ ಸರ್ವರ್‌ನಿಂದ ಹೊರಡುವ ಕಡೆ ಸರಿಹೋಗುತ್ತದೆ, ಲ್ಯಾಪ್‌ಟಾಪ್‌ನಿಂದ ಬರುವ ತುಂಡುಗಳಿಗೆ ಅದು ಅನ್ವಯಿಸದು. ಅಲ್ಲಿ ಟಿಸಿಪಿ 2083ರ ರ‍್ಯಾಡ್‌ಸೆಕ್ (ರೇಡಿಯಸ್ ಅನ್ನು ಟಿಎಲ್‌ಎಸ್‌ನಲ್ಲಿ ಸುತ್ತಿ ಕಳಿಸುವ ವಿಧಾನ) ಹಾಕಿದ ಮೇಲೆ ತೊಂದರೆ ತೀರಿತು.

ಹೆಸ್ಕಾಂ ಲೈನ್ ಹೋಗಿ ಬಂದಾಗ ಆಕ್ಸೆಸ್ ಪಾಯಿಂಟ್‌ಗಳು ರೇಡಿಯಸ್ ವರ್ಚುವಲ್ ಮಷಿನ್‌ಗಿಂತ ಮೊದಲೇ ಎದ್ದು, ಸರ್ವರ್ ಸತ್ತಿದೆ ಎಂದು ಗುರುತು ಹಾಕಿಕೊಳ್ಳುತ್ತವೆ. ಎರಡೂ ಸರ್ವರ್ ಯುಪಿಎಸ್ ಮೇಲಿರಲಿ, ಡೆಡ್-ಟೈಮ್ (ಸತ್ತಿದೆ ಎಂದುಕೊಂಡ ಸರ್ವರನ್ನು ಕೇಳದೆ ಬಿಡುವ ಅವಧಿ) 1 ನಿಮಿಷ ಸಾಕು. ಟೈಮ್‌ಔಟ್ 5 ಸೆಕೆಂಡು, ಪ್ರಯತ್ನ 3 ಎಂದಿದ್ದರೆ ಎರಡನೇ ಸರ್ವರ್ ಕೇಳುವ ಹೊತ್ತಿಗೆ 15 ಸೆಕೆಂಡು ಕಳೆದಿರುತ್ತದೆ, ವಿಂಡೋಸ್ ಕಾಯುವುದೇ 18. ನಾನು 3 ಸೆಕೆಂಡು, 2 ಪ್ರಯತ್ನ ಇಟ್ಟಿದ್ದೇನೆ.

ಇನ್ನು ರದ್ದತಿ. ಸಿಆರ್‌ಎಲ್ (ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿ) ಪರಿಶೀಲನೆ ಚಾಲೂ ಮಾಡಿದ ಮೇಲೆ ಸಿಆರ್‌ಎಲ್ ಫೈಲಿನ ಅವಧಿ ತೀರಿದರೆ ಒಬ್ಬರಲ್ಲ, ಎಲ್ಲರೂ ಹೊರಗೆ. 7 ದಿನದ ಸಿಆರ್‌ಎಲ್ ಅನ್ನು ದಿನಾಲೂ ಹೊಸದಾಗಿ ತಂದು, ತೆರೆದು ನೋಡಿ ಸರಿಯಿದ್ದರೆ ಮಾತ್ರ ಹಳೆಯದರ ಜಾಗಕ್ಕೆ ಹಾಕಿ, ಒಂದಾದ ಮೇಲೊಂದು ಸರ್ವರ್ ರೀಸ್ಟಾರ್ಟ್ ಮಾಡುವ ಸ್ಕ್ರಿಪ್ಟ್ ಇದೆ. ಅವಧಿ 48 ಗಂಟೆಗಿಂತ ಕಡಿಮೆ ಉಳಿದರೆ ಮೇಲ್ ಬರುತ್ತದೆ. ರದ್ದು ಮಾಡಿದೊಡನೆ ಚಾಲ್ತಿ ಸಂಪರ್ಕ ಕಡಿಯುವುದಿಲ್ಲ. ಸೆಷನ್-ಟೈಮ್‌ಔಟ್ 8 ಗಂಟೆ ಇಟ್ಟು, ತುರ್ತಿದ್ದರೆ ಯುಡಿಪಿ 3799ರಲ್ಲಿ ಡಿಸ್ಕನೆಕ್ಟ್ ಕಳಿಸಬೇಕು. ಎಚ್‌ಆರ್‌ನವರ ನೋ-ಡ್ಯೂಸ್ ಫಾರ್ಮಿನಲ್ಲಿ ಲ್ಯಾಪ್‌ಟಾಪ್ ವಾಪಸಾತಿಯ ಕೆಳಗೇ ಸರ್ಟಿಫಿಕೇಟ್ ರದ್ದು, ಫೋನಿನ ಕೀ ರದ್ದು ಎಂಬ ಎರಡು ಸಾಲು ಸೇರಿಸಿಸಿದೆ. ರೇಡಿಯಸ್ ಅಕೌಂಟಿಂಗ್ ಲಾಗ್‌ಗಳನ್ನು (ಯಾರು ಯಾವಾಗ ಸಂಪರ್ಕದಲ್ಲಿದ್ದರೆಂಬ ದಾಖಲೆ) ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ 180 ದಿನ ಇಡಬೇಕು, ಸರ್ವರ್‌ಗಳ ಗಡಿಯಾರ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯಕ್ಕೆ ಹೊಂದಿರಬೇಕು.