ಕನ್ನಡ ಲೆಕ್ಕಕ್ಕೆ ಬಂತು: ಮಗಳ ಹೈಸ್ಕೂಲ್ ಪ್ಲಾನ್ ಮಾಡಿದ ನನ್ನ ಅನುಭವ

ಮಗಳ ಹೈಸ್ಕೂಲ್ ಮುಗಿಯಿತು. ಡಿಪ್ಲೊಮಾ (ಹೈಸ್ಕೂಲ್ ಪಾಸಾದ ಸರ್ಟಿಫಿಕೇಟು) ಬಂತು, ಅದರ ಮೇಲೆ ಎರಡು ಭಾಷೆ ಚೆನ್ನಾಗಿ ಬರುತ್ತೆ ಅಂತ ಹಾಕುವ ಬೈಲಿಟರಸಿ ಸೀಲ್ ಬಂತು, ಯುಸಿಯ (ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯ) ಡೇವಿಸ್ ಕ್ಯಾಂಪಸ್‌ನಲ್ಲಿ ಸೀಟೂ ಸಿಕ್ಕಿತು. ಹೈಸ್ಕೂಲಿನಲ್ಲಿ ಅವಳು ಸ್ಪ್ಯಾನಿಷ್ ಒಂದು ಪೀರಿಯಡ್ಡೂ ಓದಿಲ್ಲ. ನಾಲ್ಕೂ ವರ್ಷ ಆರ್ಟ್ ವಿಷಯವಾಗಿ ಸೆರಾಮಿಕ್ಸ್ (ಮಣ್ಣಿನ ಪಾತ್ರೆ, ಗೊಂಬೆ ಮಾಡೋದು) ಮಾಡಿದಳು. ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಸ್ಪ್ಯಾನಿಷ್ ಕ್ಲಾಸಿನ ಬದಲು ಕನ್ನಡದ ಪರೀಕ್ಷೆ ಬರೆಸುವ ಈ ಪ್ಲಾನ್ ಹೇಳಿದ್ದಕ್ಕೆ ನಮ್ಮ ಬಳಗದಲ್ಲಿ ನಕ್ಕವರೇ ಜಾಸ್ತಿ. "ಕನ್ನಡ ಇಲ್ಲಿ ಎಲ್ಲಿ ಲೆಕ್ಕಕ್ಕೆ ಬರುತ್ತೆ ರೀ, ಸುಮ್ನೆ ಎಲ್ಲರ ಹಾಗೆ ಸ್ಪ್ಯಾನಿಷ್ ಹಾಕಿಸಿ" ಅಂದರು. ನಮ್ಮ ಯಜಮಾನರೂ ಅವರ ಕಡೆಗೇ. ಈಗ ನಕ್ಕವರೇ ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳುತ್ತಿದ್ದಾರೆ. ಪ್ರತಿ ಸಲ ಅದನ್ನೇ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು ಓದಿಸುತ್ತಿರುವವರಿಗೆ ಎ-ಜಿ ಅಂದರೆ ಏನು, ಕ್ರೆಡಿಟ್ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಹೊಸಬರಿಗೆ ಇಷ್ಟು: ಎ-ಜಿ ಅಂದರೆ ಯುಸಿ ಸೇರೋಕೆ ಮುಗಿಸಬೇಕಾದ 15 ಕೋರ್ಸಿನ ಪಟ್ಟಿ, ಕ್ರೆಡಿಟ್ ಅಂದರೆ ಪಾಸಾದ ಕೋರ್ಸಿಗೆ ಡಿಪ್ಲೊಮಾ ಲೆಕ್ಕದಲ್ಲಿ ಸಿಗುವ ಅಂಕ. ನೇರವಾಗಿ ಲೆಕ್ಕಕ್ಕೆ ಬರುತ್ತೇನೆ.

ದಿನಕ್ಕೆ 6 ಪೀರಿಯಡ್, 4 ವರ್ಷ. ಒಟ್ಟು 24 ಜಾಗ. ಒಂದು ಜಾಗಕ್ಕೆ 10 ಕ್ರೆಡಿಟ್, ಹಾಗಾಗಿ 240. ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಇಲ್ಲಿನ ಸ್ಕೂಲುಗಳ ಆಡಳಿತ ಮಂಡಳಿ) ಡಿಪ್ಲೊಮಾಗೆ ಕೇಳೋದು 220. ನೋಡಿದರೆ ಆರಾಮ ಅನಿಸುತ್ತೆ, ಅಲ್ವಾ? ಈಗ ಕಳೆಯುತ್ತಾ ಹೋಗಿ. ಇಂಗ್ಲಿಷ್ 4, ಗಣಿತ 4 (ಯುಸಿ 3 ಸಾಕು ಅನ್ನುತ್ತೆ, ಆದರೆ 4 ಇದ್ದರೆ ಒಳ್ಳೇದು ಅಂತಲೂ ಅನ್ನುತ್ತೆ, ನಮ್ಮವರಲ್ಲಿ 3ಕ್ಕೆ ನಿಲ್ಲಿಸಿದವರನ್ನು ನಾನಂತೂ ನೋಡಿಲ್ಲ), ಸೈನ್ಸ್ 3, ಸೋಷಿಯಲ್ 3, ಭಾಷೆ 3, ಪಿಇ (ವ್ಯಾಯಾಮ, ಆಟ) 2, ಆರ್ಟ್ 1. ಇಪ್ಪತ್ತಾಯಿತು. ಉಳಿದ ನಾಲ್ಕರಲ್ಲಿ ಸೆರಾಮಿಕ್ಸಿಗೆ ಇನ್ನೂ ಮೂರು ಹೋಯಿತು. ಒಂದೇ ಒಂದು ಜಾಗ ಉಳಿಯಿತು. ಅದಕ್ಕೆ ಕಂಪ್ಯೂಟರ್ ಸೈನ್ಸ್, ಸ್ಟ್ಯಾಟಿಸ್ಟಿಕ್ಸ್, ನಾಲ್ಕನೇ ವರ್ಷದ ಸೈನ್ಸ್ ಎಲ್ಲ ಕ್ಯೂ ನಿಂತಿದ್ದವು.

ಇಲ್ಲಿ ಎಲ್ಲರೂ ಮಾಡೋದು ಒಂದೇ. ಆರ್ಟ್ ಕ್ಲಾಸನ್ನು ಕೈಬಿಡುತ್ತಾರೆ. ನಾನು ಅದಕ್ಕೆ ಒಪ್ಪಲಿಲ್ಲ. ಯಾವ ವಿಷಯ ಬಿಡಬೇಕು ಅಂತ ಯೋಚಿಸದೆ, ಯಾವುದನ್ನು ಸ್ಕೂಲಿನ ಗೋಡೆಯ ಹೊರಗೆ ಮುಗಿಸಬಹುದು ಅಂತ ಹುಡುಕಿದೆ. ಸಿಕ್ಕಿದ್ದು ಎರಡು: ಭಾಷೆ, ಮತ್ತೆ ಹನ್ನೆರಡನೇ ಕ್ಲಾಸಿನ ಗವರ್ನಮೆಂಟ್ (ಪೌರನೀತಿ) ಮತ್ತು ಎಕನಾಮಿಕ್ಸ್. ಭಾಷೆಗೆ ಮೂರು, ಇವೆರಡಕ್ಕೂ ಸೇರಿ ಒಂದು, ಅಲ್ಲಿಗೆ ನಾಲ್ಕು ಜಾಗ ಖಾಲಿ.

ಭಾಷೆಯ ವಿಷಯ ಮೊದಲು. ಯುಸಿ ಕೇಳೋದು ಇಂಗ್ಲಿಷ್ ಅಲ್ಲದ ಒಂದು ಭಾಷೆ, ಕಡಿಮೆ ಅಂದರೆ ಎರಡು ವರ್ಷದ ಮಟ್ಟಕ್ಕೆ. ಅದು ಸ್ಪ್ಯಾನಿಷ್ಷೇ ಆಗಿರಬೇಕು ಅಂತ ಎಲ್ಲೂ ಬರೆದಿಲ್ಲ. ಕ್ಲಾಸಿನಲ್ಲೇ ಕೂತು ಕಲಿತಿರಬೇಕು ಅಂತಲೂ ಇಲ್ಲ. ಪರೀಕ್ಷೆ ಬರೆದು, ಅದನ್ನು ನೋಡಿ ಸ್ಕೂಲಿನವರು ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಮೇಲೆ ನಮೂದಿಸಿದರೆ ನಡೆಯುತ್ತೆ. ಅವಂಟ್ ಅನ್ನೋ ಕಂಪನಿಯ ಸ್ಟ್ಯಾಂಪ್ ಪರೀಕ್ಷೆಯಲ್ಲಿ ಕನ್ನಡವೂ ಇದೆ. ಬರೆಯೋದು, ಮಾತಾಡೋದು, ಎರಡೇ ಭಾಗ.

ವಿಷಯ ಆರಿಸೋಕೆ ಸಲಹೆ ಕೊಡುವ ನಮ್ಮ ಸ್ಕೂಲ್ ಕೌನ್ಸೆಲರ್ ಕನ್ನಡದ ಹೆಸರನ್ನೇ ಮೊದಲ ಸಲ ಕೇಳಿದ್ದು. ಅವರನ್ನು ಏನೂ ಅನ್ನುವ ಹಾಗಿಲ್ಲ. ಒಬ್ಬೊಬ್ಬರ ತಲೆಯ ಮೇಲೆ ನಾನೂರು ಐನೂರು ಮಕ್ಕಳು. ಮೊದಲ ಮೀಟಿಂಗಿನಲ್ಲಿ "ನೋಡೋಣ" ಅಂದರು. ಎರಡನೆಯದರಲ್ಲೂ "ನೋಡೋಣ". ಆಮೇಲೆ ನಾನು ಒಂದು ಪುಟದ ಪತ್ರ ಬರೆದೆ, ಮೂರನೇ ದಿನಕ್ಕೆ "ಸರಿ" ಅಂತ ಉತ್ತರ ಬಂತು. ಆ ಪತ್ರದಲ್ಲಿ ಏನಿತ್ತು, ವರ್ಷದ ಯಾವ ತಿಂಗಳಲ್ಲಿ ಕಳಿಸಿದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಇನ್ನೂ ನನ್ನ ಮಗನ ಸರದಿ ಇದೆ, ಅದೇ ಆಫೀಸಿಗೆ ಹತ್ತು ಜನ ಅದೇ ಪತ್ರ ಹಿಡಿದುಕೊಂಡು ಹೋದರೆ ನನಗೇ ತೊಂದರೆ.

ಪರೀಕ್ಷೆಗೆ ತಯಾರಿ ಮಾಡಿಸಿದ್ದೇ ನಿಜವಾದ ಕೆಲಸ. ವಾರಾಂತ್ಯದ ಕನ್ನಡ ಶಾಲೆಗೆ ಚಿಕ್ಕಂದಿನಿಂದ ಹೋಗಿದ್ದಳು, ಅಕ್ಷರ ಚೆನ್ನಾಗಿ ಬರುತ್ತಿತ್ತು. ಆದರೆ ಪರೀಕ್ಷೆ ಇರೋದು ಕಂಪ್ಯೂಟರಿನಲ್ಲಿ. ವಾಟ್ಸಾಪಿನಲ್ಲಿ ಅಜ್ಜಿಗೆ "ಊಟ ಆಯ್ತಾ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹುಡುಗಿ, ಕೀಲಿಮಣೆಯಲ್ಲಿ ಒತ್ತಕ್ಷರ ಮೂಡಿಸಲು ಒದ್ದಾಡಿಬಿಟ್ಟಳು. 'ವರ್ಷ' ಅಂತ ಬರೆಯೋಕೆ ಹೋದರೆ ಅರ್ಕಾವತ್ತು ಬರುತ್ತಲೇ ಇರಲಿಲ್ಲ, ರ ಒಂದು ಕಡೆ ಷ ಒಂದು ಕಡೆ. ಮೊದಮೊದಲು ಐದು ಸಾಲಿಗೆ ಅರ್ಧ ಗಂಟೆ. ದಿನಾ ರಾತ್ರಿ ಒಂದು ಪ್ಯಾರಾ ಟೈಪ್ ಮಾಡಿಸಿದೆ, ವಿಷಯ ಅವಳಿಗೆ ಬಿಟ್ಟಿದ್ದು. ಎರಡು ತಿಂಗಳಲ್ಲಿ ಕೈ ಹಿಡಿತಕ್ಕೆ ಬಂತು.

ಮಾತಿನದು ಇನ್ನೊಂದು ಕಥೆ. ನಮ್ಮ ಮನೆ ಕನ್ನಡ ಗೊತ್ತಲ್ಲ, "ಅಮ್ಮಾ, ನಾನು ಆಲ್ರೆಡಿ ಲಂಚ್ ಫಿನಿಶ್ ಮಾಡ್ದೆ." ಇದರಲ್ಲಿ ಕನ್ನಡ ಎಷ್ಟಿದೆ ಹೇಳಿ. ಅರಸೀಕೆರೆಯಲ್ಲಿರುವ ನಮ್ಮಮ್ಮನಿಗೆ ಕೆಲಸ ಹಚ್ಚಿದೆ. ಶನಿವಾರ ವಿಡಿಯೋ ಕಾಲ್, ಬೇಡದ ಕಡೆ ಇಂಗ್ಲಿಷ್ ಪದ ಬಂದರೆ ಡಬ್ಬಿಗೆ ಒಂದು ಕ್ವಾರ್ಟರ್ (25 ಸೆಂಟ್ ನಾಣ್ಯ). ಮೊದಲ ತಿಂಗಳ ದುಡ್ಡಿನಲ್ಲಿ ಇಬ್ಬರೂ ಮಕ್ಕಳಿಗೆ ಪಿಜ್ಜಾ ಆಯಿತು, ಕೊನೇ ತಿಂಗಳಲ್ಲಿ ಡಬ್ಬಿ ಅಲ್ಲಾಡಿಸಿದರೆ ನಾಲ್ಕೈದು ಕಾಯಿನ್ ಸದ್ದು. ಪರೀಕ್ಷೆ ಫೀಸು, ನಿಗಾ ವಹಿಸುವವರ ಚಾರ್ಜು ಎಲ್ಲ ಸೇರಿ 50 ಡಾಲರಿನ ಆಸುಪಾಸು ಅಂತ ನೆನಪು. ಬೇಕಾದ ಮಟ್ಟ ಮೊದಲ ಸಲಕ್ಕೇ ಬಂತು.

ಒಂದು ವಿಷಯ ಗಮನಿಸಿ. ಹೀಗೆ ಮಾಡಿದರೆ ಭಾಷೆಯ ಅಗತ್ಯ ಪೂರೈಸಿದ ಹಾಗಾಗುತ್ತೆ, ಆದರೆ ನಮ್ಮ ಡಿಸ್ಟ್ರಿಕ್ಟಿನಲ್ಲಿ ಅದಕ್ಕೆ ಕ್ರೆಡಿಟ್ ಕೊಡಲಿಲ್ಲ. ಅಂದರೆ 220 ಮುಟ್ಟಿಸೋಕೆ ಆ ಜಾಗಗಳಲ್ಲಿ ಬೇರೆ ಏನಾದರೂ ಓದಬೇಕು. ನಮಗೆ ಬೇಕಾಗಿದ್ದೂ ಅದೇ, ಹಾಗಾಗಿ ನಷ್ಟವಿಲ್ಲ. ಖಾಲಿ ಪೀರಿಯಡ್ ಸಿಗುತ್ತೆ, ಮಗು ಬೇಗ ಮನೆಗೆ ಬರುತ್ತೆ ಅಂದುಕೊಂಡವರು ಮಾತ್ರ ಕೂಡಿ ಕಳೆದು ನೋಡಿ.

ಇನ್ನು ಹೊರಗೆ ಮುಗಿಸಿದ ಎರಡನೆಯದು. ಅದಕ್ಕೆ ಆರಿಸಿದ್ದು ಕಮ್ಯುನಿಟಿ ಕಾಲೇಜು (ಎರಡು ವರ್ಷದ ಸರ್ಕಾರಿ ಕಾಲೇಜು). ರಾಜ್ಯದ ಉಳಿದವರಿಗೆ ಯೂನಿಟ್ಟಿಗೆ (ಕೋರ್ಸಿನ ಅಳತೆ) 46 ಡಾಲರ್, ಹೈಸ್ಕೂಲ್ ಮಕ್ಕಳಿಗೆ ಆ ಫೀಸಿಲ್ಲ. ಗವರ್ನಮೆಂಟ್ ಒಂದು ಬೇಸಿಗೆಗೆ, ಎಕನಾಮಿಕ್ಸ್ ಇನ್ನೊಂದು ಬೇಸಿಗೆಗೆ. ಮೊದಲನೆಯದಕ್ಕೆ ಪುಸ್ತಕಕ್ಕೇ 90 ಚಿಲ್ಲರೆ ಹೋಯಿತು. ಎರಡನೇ ಸಲ ಬುದ್ಧಿ ಬಂದು, ಪುಸ್ತಕದ ಖರ್ಚಿಲ್ಲದ ಸೆಕ್ಷನ್ ಹುಡುಕಿ ಹಾಕಿಸಿದೆ, ವೇಳಾಪಟ್ಟಿಯಲ್ಲೇ ಅದಕ್ಕೆ ಗುರುತು ಇರುತ್ತೆ. ಕಷ್ಟ ಇರೋದು ಸೀಟಿನಲ್ಲಿ. ರಿಜಿಸ್ಟ್ರೇಷನ್ ಸಾಲಿನಲ್ಲಿ ಹೈಸ್ಕೂಲ್ ಮಕ್ಕಳು ಕೊನೆಗೆ. ನಮ್ಮ ಸರದಿ ಬರುವ ಹೊತ್ತಿಗೆ ಒಳ್ಳೆಯ ಸೆಕ್ಷನ್ ಎಲ್ಲ ಭರ್ತಿ. ವೇಯ್ಟ್‌ಲಿಸ್ಟಿನಲ್ಲಿ ಎಂಟನೆಯವಳಾಗಿ ನಿಂತು, ಕ್ಲಾಸ್ ಶುರುವಾದ ದಿನ ಅವಳೇ ಪ್ರೊಫೆಸರಿಗೆ ಮೇಲ್ ಹಾಕಿ ಒಳಗೆ ಹೋದಳು. ಮೇಲನ್ನು ಮಗುವೇ ಬರೆಯಬೇಕು, ನೀವು ಬರೆದರೆ ಗೊತ್ತಾಗಿಬಿಡುತ್ತೆ. ಮತ್ತೆ ಸೇರುವ ಮೊದಲೇ ಸ್ಕೂಲಿನಿಂದ ಲಿಖಿತ ಒಪ್ಪಿಗೆ ತಗೊಳ್ಳಿ, ಬಾಯಿ ಮಾತಿನ ಒಪ್ಪಿಗೆ ಬೇಡ. ಕಾಲೇಜಿನಲ್ಲಿ ಬಂದ ಗ್ರೇಡು ಜೀವನಪೂರ್ತಿ ಕಾಲೇಜು ದಾಖಲೆಯಲ್ಲಿ ಇರುತ್ತೆ ಅನ್ನೋದೂ ನೆನಪಿರಲಿ. ಆದರೆ ಯುಸಿಗೆ ವರ್ಗಾವಣೆ ಆಗುವಂಥ ಕೋರ್ಸಾದರೆ ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕದಲ್ಲಿ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಹಾಗೇ ಒಂದು ಪಾಯಿಂಟ್ ಜಾಸ್ತಿ. ಎಪಿ ಪರೀಕ್ಷೆಗೆ ಕೊಡುವ ನೂರು ಡಾಲರ್ ಇಲ್ಲಿ ಇಲ್ಲ.

ಎಲ್ಲವೂ ಸುಸೂತ್ರವಾಗಿ ಆಯಿತು ಅಂದುಕೊಳ್ಳಬೇಡಿ. ಜಿಯಾಮೆಟ್ರಿಯನ್ನು ಬೇಸಿಗೆಯಲ್ಲಿ ಮುಗಿಸೋಣ ಅಂತ ಒಂದು ಖಾಸಗಿ ಆನ್‌ಲೈನ್ ಸ್ಕೂಲಿಗೆ 700 ಡಾಲರ್ ಸುರಿದೆವು. ಜಾಹೀರಾತಿನಲ್ಲಿ ಮಾನ್ಯತೆ ಇದೆ ಅಂತ ದೊಡ್ಡದಾಗಿ ಹಾಕಿದ್ದರು. ಮಾನ್ಯತೆ ಇತ್ತು, ಸ್ಕೂಲಿಗೆ. ಆ ಕೋರ್ಸು ಮಾತ್ರ ಯುಸಿಯ ಎ-ಜಿ ಪಟ್ಟಿಯಲ್ಲಿ ಇರಲಿಲ್ಲ. ಹೇಳಿದ್ದಕ್ಕೆ ವಾಪಸ್ ಬಂದಿದ್ದು ನೂರೈವತ್ತೋ ಏನೋ. ಬೇರೆ ಗಣಿತವಾದರೆ ಮೇಲಿನ ಕ್ಲಾಸಿನಲ್ಲಿ ಸಿ ಬಂದರೆ ಕೆಳಗಿನದು ಆದ ಹಾಗೇ ಅಂತ ಯುಸಿ ಒಪ್ಪಿಕೊಳ್ಳುತ್ತೆ, ಜಿಯಾಮೆಟ್ರಿಗೆ ಆ ಸೌಲಭ್ಯ ಇಲ್ಲ, ಅದನ್ನು ಓದಲೇಬೇಕು. ಕೊನೆಗೆ ಸ್ಕೂಲಿನಲ್ಲೇ ಓದಿದಳು. ಸಂಸ್ಥೆಯ ಹೆಸರು ಹಾಕಿ ಕೋರ್ಸ್ ಹುಡುಕುವ ಸೈಟು ಯುಸಿಯದೇ ಇದೆ, ಪುಕ್ಕಟೆ. ದುಡ್ಡು ಕಟ್ಟುವ ಮುಂಚೆ ಕೋರ್ಸಿನ ಪೂರ್ತಿ ಹೆಸರು ಅಕ್ಷರ ಅಕ್ಷರ ಹೊಂದುತ್ತಾ ಅಂತ ನೋಡಿ.

ಪಿಇಯನ್ನೂ ಹೊರಗೆ ಹಾಕೋಣ ಅಂತ ಇನ್ನೊಂದು ಪ್ರಯೋಗ ಮಾಡಿದೆ. ಭರತನಾಟ್ಯ ವಾರಕ್ಕೆ ಆರೇಳು ಗಂಟೆ ನಡೆಯುತ್ತಿತ್ತು, ಅದನ್ನೇ ಸ್ವತಂತ್ರ ಪಿಇ ಅಂತ ತೋರಿಸಬಹುದಲ್ಲ ಅಂತ. ಗುರುಗಳ ಸಹಿ, ಗಂಟೆಗಳ ಪಟ್ಟಿ, ರಂಗಪ್ರವೇಶದ ಫೋಟೋ ಎಲ್ಲ ಜೋಡಿಸಿ ಕೊಟ್ಟೆ. ವಾರಕ್ಕೆ 10 ಗಂಟೆ ಬೇಕು, ಅದೂ ಸ್ಪರ್ಧೆಯ ಮಟ್ಟದ್ದಾಗಿರಬೇಕು ಅಂದರು ಸ್ಕೂಲಿನವರು. ಅರಮಂಡಿಯಲ್ಲಿ ಒಂದು ಗಂಟೆ ನಿಂತು ನೋಡಿ ಅಂತ ಅನ್ನಬೇಕು ಅನಿಸಿತು, ಅನ್ನಲಿಲ್ಲ. ಎರಡು ವರ್ಷ ಪಿಇ ಅಲ್ಲೇ ಓಡಿದಳು. ಬೇರೆ ಡಿಸ್ಟ್ರಿಕ್ಟಿನಲ್ಲಿ ನಾಟ್ಯಕ್ಕೆ ಒಪ್ಪಿದ್ದಾರೆ ಅಂತ ಕೇಳಿದ್ದೇನೆ, ನಿಮ್ಮಲ್ಲಿ ಕೇಳಿ ನೋಡಿ.

ಗ್ರೇಡಿನ ಬಗ್ಗೆ ಒಂದು ಮಾತು. ಪರಿಚಯದವರ ಹುಡುಗನಿಗೆ ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಡಿ ಬಂತು. ಸ್ಕೂಲಿನ ಪೋರ್ಟಲ್ಲಿನಲ್ಲಿ ಕ್ರೆಡಿಟ್ ಹಸಿರಾಗೇ ಕಾಣುತ್ತಿತ್ತು, ಏಕೆಂದರೆ ಡಿಪ್ಲೊಮಾಗೆ ಡಿ ನಡೆಯುತ್ತೆ. ಯುಸಿಗೆ ಸಿ ಬೇಕು. ಹನ್ನೊಂದು ಮುಗಿಯುವ ತನಕ ಮನೆಯಲ್ಲಿ ಯಾರೂ ನೋಡಿರಲಿಲ್ಲ. ನಾನು ಹಾಳೆಯಲ್ಲಿ ಎರಡು ಕಂಬಸಾಲು ಮಾಡಿ ಇಟ್ಟಿದ್ದೆ, ಒಂದು ಡಿಪ್ಲೊಮಾಗೆ, ಒಂದು ಎ-ಜಿಗೆ. ಹನ್ನೊಂದನೇ ಕ್ಲಾಸು ಮುಗಿಯುವಾಗ ಎ-ಜಿಯ 15 ಕೋರ್ಸಿನಲ್ಲಿ 11 ಆಗಿರಬೇಕಲ್ಲ, ನಮ್ಮದು 14 ಆಗಿತ್ತು. ಒಬ್ಬ ಕನ್ಸಲ್ಟೆಂಟ್ ಇದೇ ಕೆಲಸಕ್ಕೆ ನಾಲ್ಕು ಸಾವಿರ ಕೇಳಿದ್ದರು, ಕನ್ನಡ ಅಂದ ತಕ್ಷಣ "ಅದು ಆಗಲ್ಲ" ಅಂದಿದ್ದರು. ನನ್ನ ಒಟ್ಟು ಖರ್ಚು, ಆ ದಂಡದ ಜಿಯಾಮೆಟ್ರಿ ಸೇರಿಸಿಯೂ, ಸಾವಿರ ದಾಟಿಲ್ಲ.

ಮಗನದು ಬೇರೆ ಲೆಕ್ಕ. ಅವನು 2031ರ ಬ್ಯಾಚ್. ಆ ಬ್ಯಾಚಿನಿಂದ ಪರ್ಸನಲ್ ಫೈನಾನ್ಸ್ ಕಡ್ಡಾಯ ಅಂತ 2024ರಲ್ಲೇ ಕಾನೂನಾಗಿದೆ, ಅರ್ಧ ವರ್ಷದ ಕೋರ್ಸು. ಅದನ್ನು ಓದಿದವರಿಗೆ ಎಕನಾಮಿಕ್ಸ್ ಬಿಡುವ ಅವಕಾಶವೂ ಇದೆಯಂತೆ. ಹಾಗಾಗಿ ಅಕ್ಕನ ಹಾಳೆ ಇವನಿಗೆ ಹಾಗೇ ಹೊಂದಲ್ಲ. ಕನ್ನಡದ ಟೈಪಿಂಗ್ ಮಾತ್ರ ಈಗಲೇ ಶುರು ಮಾಡಿಸಿದ್ದೇನೆ, ಅರ್ಕಾವತ್ತಿನ ಜಗಳವೂ ಶುರುವಾಗಿದೆ.

ಕೊನೆಗೆ ಹೊರಗೆ ಓದಿಸಿದವರಿಗೆ ಒಂದು ಎಚ್ಚರಿಕೆ. ಹನ್ನೆರಡು ಮುಗಿದ ಮೇಲೆ ಯುಸಿಗೆ ಜುಲೈ 1ರ ಒಳಗೆ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಹೋಗಬೇಕು. ಹೈಸ್ಕೂಲ್ ತನ್ನದನ್ನು ಮಾತ್ರ ಕಳಿಸುತ್ತೆ. ಕಮ್ಯುನಿಟಿ ಕಾಲೇಜಿನದನ್ನು ನೀವೇ ಬೇರೆಯಾಗಿ ಕಳಿಸಬೇಕು, ಒಂದು ಹೈಸ್ಕೂಲಿಗೆ, ಒಂದು ಯುಸಿಗೆ. ಅಂಚೆಯಲ್ಲಿ ಮನೆಗೆ ತರಿಸಿದ್ದರೆ ಲಕೋಟೆ ಒಡೆಯಬೇಡಿ, ಒಡೆದ ಲಕೋಟೆಯನ್ನು ನಮ್ಮ ಸ್ಕೂಲ್ ಆಫೀಸಿನಲ್ಲಿ ಮುಟ್ಟಲೂ ಇಲ್ಲ.